ವೇದಿಕೆಯ ಮಾತಿಗೆ ಲೆಕ್ಕ ಕೇಳುವುದು ಹೇಗೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಚುನಾವಣೆಯ ಸುಳ್ಳು ಹೇಳಿಕೆಗಳ ವಿಷಯದಲ್ಲಿ ಜಿಲ್ಲಾ ಮಟ್ಟದ ಪತ್ರಿಕೆಗಳು ಏನು ಮಾಡುತ್ತವೆ, ಏನು ಮಾಡಬೇಕು ಎಂಬ ಬಗ್ಗೆ ಬೆಳಗಾವಿ, ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳ ಓದುಗರಿಂದ ಪ್ರಶ್ನೆಗಳು ಬಂದಿವೆ. ಬೆಳಗಾವಿಯ ಸುದ್ದಿಮನೆಯಲ್ಲಿ ಹಲವು ವರ್ಷ ಡೆಸ್ಕ್‌ನಲ್ಲಿ ಕೆಲಸ ಮಾಡಿದ ಹಿರಿಯ ಪತ್ರಕರ್ತರೊಬ್ಬರು ಉತ್ತರಿಸಿದ್ದಾರೆ. ಓದುಗರ ಹೆಸರುಗಳನ್ನು ಪ್ರಕಟಿಸಿಲ್ಲ.

ಪ್ರಶ್ನೆ: ಪ್ರಚಾರ ಸಭೆಗಳಲ್ಲಿ ನಾಯಕರು ಆಲಮಟ್ಟಿಯ ಬಗ್ಗೆ, ಕಬ್ಬಿನ ದರದ ಬಗ್ಗೆ ಬಾಯಿಗೆ ಬಂದಂತೆ ಮಾತನಾಡುತ್ತಾರೆ. ಮರುದಿನ ಅದೇ ಮಾತು ಪತ್ರಿಕೆಯಲ್ಲಿ ದಪ್ಪ ಅಕ್ಷರದಲ್ಲಿ ಬರುತ್ತದೆ. ಸುಳ್ಳೆಂದು ಗೊತ್ತಿದ್ದೂ ಹಾಗೆಯೇ ಅಚ್ಚು ಹಾಕುವುದು ಏಕೆ?
– ಕಬ್ಬು ಬೆಳೆಗಾರರು, ಜಮಖಂಡಿ ತಾಲ್ಲೂಕು

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದು. ಸಭೆ ಮುಗಿಯುವುದು ರಾತ್ರಿ, ಪುಟ ಮುಗಿಯಬೇಕಾದದ್ದೂ ರಾತ್ರಿಯೇ. ನಡುವೆ ಸಿಗುವ ಒಂದೆರಡು ಗಂಟೆಯಲ್ಲಿ ತಾಲ್ಲೂಕಿನ ವರದಿಗಾರ ಭಾಷಣದ ಸಾರ ಕಳುಹಿಸುತ್ತಾನೆ, ಡೆಸ್ಕ್‌ನಲ್ಲಿ ಕುಳಿತವರು ಕೊನೆಗೊಂದು ‘ಎಂದರು’ ಸೇರಿಸಿ ಪುಟಕ್ಕೆ ಬಿಡುತ್ತಾರೆ. ಆ ‘ಎಂದರು’ ಎಂಬ ಪದದ ಹಿಂದೆ ನಾವು ಬಹಳ ಕಾಲ ಅಡಗಿ ಕುಳಿತಿದ್ದೇವೆ. ಅವರು ಹಾಗೆ ಹೇಳಿದ್ದು ನಿಜ, ಹೇಳಿದ ಮಾತು ನಿಜವೋ ಸುಳ್ಳೋ ಎಂದು ನೋಡುವುದು ನಮ್ಮ ಕೆಲಸವಲ್ಲ ಎಂಬ ಸಮಜಾಯಿಷಿಯನ್ನು ನಾನೂ ಒಂದು ಕಾಲದಲ್ಲಿ ಒಪ್ಪಿಕೊಂಡಿದ್ದೆ. ಈಗ ಒಪ್ಪುವುದಿಲ್ಲ.

ಆಲಮಟ್ಟಿಯನ್ನೇ ತೆಗೆದುಕೊಳ್ಳೋಣ. ಜಲಾಶಯದ ಮಟ್ಟವನ್ನು 519.60 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸಲು ನ್ಯಾಯಮೂರ್ತಿ ಬ್ರಿಜೇಶ್ ಕುಮಾರ್ ನೇತೃತ್ವದ ಕೃಷ್ಣಾ ನ್ಯಾಯಮಂಡಳಿ 2010ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಆದರೆ ಆ ತೀರ್ಪು ಕೇಂದ್ರದ ರಾಜಪತ್ರದಲ್ಲಿ ಪ್ರಕಟವಾಗದಂತೆ ಸುಪ್ರೀಂ ಕೋರ್ಟ್ 2011ರ ಸೆಪ್ಟೆಂಬರ್‌ನಲ್ಲಿ ತಡೆಯಿತು. ಮುಳುಗಡೆಯಾಗುವ ಜಮೀನಿಗೆ ಸಂಬಂಧಿಸಿದಂತೆ, ನೀರಾವರಿ ಭೂಮಿಗೆ ಎಕರೆಗೆ 40 ಲಕ್ಷ ರೂಪಾಯಿ ಮತ್ತು ಒಣ ಭೂಮಿಗೆ 30 ಲಕ್ಷ ರೂಪಾಯಿ ಕೊಡಲು ರಾಜ್ಯ ಸಚಿವ ಸಂಪುಟ 2025ರ ಸೆಪ್ಟೆಂಬರ್‌ನಲ್ಲಿ ತೀರ್ಮಾನಿಸಿತು. ಇಷ್ಟು ಸಂಗತಿಗಳು ಬಾಗಲಕೋಟೆಯ ಪ್ರತಿಯೊಬ್ಬ ವರದಿಗಾರನ ಕಿಸೆಯಲ್ಲಿ ಒಂದು ಚೀಟಿಯಲ್ಲಿ ಇರಬೇಕು. ಇದ್ದರೆ, ಸಭೆ ಎಷ್ಟು ತಡವಾಗಿ ಮುಗಿದರೂ ಸರಿ, ವರದಿಯ ಎರಡನೆಯ ಪ್ಯಾರಾದಲ್ಲಿಯೇ ವಾಸ್ತವವನ್ನು ಬರೆಯಲು ಐದು ನಿಮಿಷ ಸಾಕು.

ಇಲ್ಲಿ ಕಿವಿಯೂ ಚುರುಕಾಗಿರಬೇಕು. ‘ಗೇಟು ಎತ್ತರಿಸುತ್ತೇವೆ’ ಎಂದರೆ ಅದು ಭರವಸೆ, ಅದನ್ನು ಇಂದು ಸುಳ್ಳು ಎನ್ನಲು ಬರುವುದಿಲ್ಲ. ‘ಗೇಟು ಎತ್ತರಿಸಲು ಎಲ್ಲ ಅನುಮತಿ ತಂದಿದ್ದೇವೆ’ ಎಂದರೆ ಅದು ನಡೆದುಹೋದ ಸಂಗತಿಯ ಬಗೆಗಿನ ಹೇಳಿಕೆ, ಅದಕ್ಕೆ ಕಾಗದ ಕೇಳಬಹುದು. ಹಾಗೆಯೇ, ‘ಪರಿಹಾರ ಘೋಷಿಸಿದ್ದೇವೆ’ ಎನ್ನುವುದೂ ‘ಪರಿಹಾರ ಕೊಟ್ಟಿದ್ದೇವೆ’ ಎನ್ನುವುದೂ ಒಂದೇ ಅಲ್ಲ. ಎರಡನೆಯದು ನಿಜವೇ ಎಂಬುದನ್ನು ಬಾಗಲಕೋಟೆ ನವನಗರದ ಭೂಸ್ವಾಧೀನ ಕಚೇರಿಯ ಕಡತವೂ ಸಂತ್ರಸ್ತ ರೈತನ ಬ್ಯಾಂಕ್ ಪಾಸ್‌ಬುಕ್ಕೂ ಹೇಳುತ್ತವೆ. ವರದಿಗಾರ ಅವಸರದಲ್ಲಿ ಕ್ರಿಯಾಪದವನ್ನು ಬದಲಿಸಿ ಬರೆದರೆ ನಾಯಕನ ಸುಳ್ಳು ಸತ್ಯವಾಗಿಬಿಡಬಹುದು, ಸತ್ಯ ಸುಳ್ಳಾಗಿಬಿಡಬಹುದು. ಅದಕ್ಕಾಗಿಯೇ ಭಾಷಣದ ಧ್ವನಿಮುದ್ರಣವನ್ನು ದಿನಾಂಕ ಮತ್ತು ಊರಿನ ಹೆಸರಿನೊಂದಿಗೆ ಉಳಿಸಿಡಬೇಕು ಎಂದು ನಾನು ಕಿರಿಯರಿಗೆ ಹಟ ಹಿಡಿದು ಹೇಳುತ್ತೇನೆ.

ಕಬ್ಬಿನ ವಿಷಯವೂ ಇದೇ ರೀತಿಯದು. ಎಫ್‌ಆರ್‌ಪಿಯನ್ನು, ಅಂದರೆ ಕಬ್ಬಿಗೆ ಕಾರ್ಖಾನೆಗಳು ಕೊಡಲೇಬೇಕಾದ ನ್ಯಾಯಯುತ ಮತ್ತು ಲಾಭದಾಯಕ ದರವನ್ನು, ನಿಗದಿ ಮಾಡುವುದು ಕೇಂದ್ರ ಸರ್ಕಾರ. 2025–26ರ ಹಂಗಾಮಿಗೆ ಅದು ಕ್ವಿಂಟಲ್‌ಗೆ 355 ರೂಪಾಯಿ, ಅದೂ ಶೇ 10.25ರ ಸಕ್ಕರೆ ಇಳುವರಿಗೆ. ಅದರಲ್ಲಿ ಕಟಾವು ಮತ್ತು ಸಾಗಣೆ ವೆಚ್ಚ ಕಳೆಯುತ್ತದೆ ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ‘ಟನ್‌ಗೆ 3,550 ರೂಪಾಯಿ ರೈತನ ಕೈಗೆ ಕೊಡಿಸಿದ್ದೇವೆ’ ಎಂದು ಯಾರಾದರೂ ಹೇಳಿದರೆ, ಒಂದು ಕಾರ್ಖಾನೆಯ ಕಬ್ಬಿನ ಬಿಲ್ಲನ್ನು ಆ ಸುದ್ದಿಯ ಪಕ್ಕದಲ್ಲಿ ಅಚ್ಚು ಹಾಕುವುದೇ ಸರಿಯಾದ ಉತ್ತರ.

ಪ್ರಶ್ನೆ: ‘ನಿಮ್ಮ ಊರಿನ ಜಮೀನು ಹೋಯಿತು’ ಎಂಬ ಸಂದೇಶಗಳು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿದವು, ಅವನ್ನೇ ನಾಯಕರು ಭಾಷಣದಲ್ಲಿ ಹೇಳಿದರು. ಇಂಥ ಹೊತ್ತಿನಲ್ಲಿ ಪತ್ರಿಕೆಯವರು ನಿಜವನ್ನು ಹೇಗೆ ಹುಡುಕುತ್ತಾರೆ?
– ಪದವಿ ವಿದ್ಯಾರ್ಥಿನಿ, ವಿಜಯಪುರ

ಉತ್ತರ: ನೀವು ಕೇಳುತ್ತಿರುವುದು 2024ರ ಅಕ್ಟೋಬರ್‌ನ ವಕ್ಫ್ ಪ್ರಕರಣದ ಬಗ್ಗೆ ಎಂದು ಭಾವಿಸುತ್ತೇನೆ. ತಿಕೋಟಾ ತಾಲ್ಲೂಕಿನ ಹೊನವಾಡದಲ್ಲಿ ಸುಮಾರು 1,200 ಎಕರೆ ರೈತರ ಜಮೀನು ವಕ್ಫ್ ಆಸ್ತಿಯಾಗುತ್ತಿದೆ ಎಂಬ ಸುದ್ದಿ ಹಬ್ಬಿತು. ಹಳೆಯ ಗೆಜೆಟ್ ಅಧಿಸೂಚನೆಯೊಂದರಲ್ಲಿ ಊರಿನ ಹೆಸರು ತಪ್ಪಾಗಿ ಸೇರಿದ್ದರಿಂದ ಗೊಂದಲವಾಗಿದೆ, ಹೊನವಾಡದಲ್ಲಿ ವಕ್ಫ್‌ಗೆ ಸೇರಿದ್ದು 11 ಎಕರೆ ಮಾತ್ರ ಎಂದು ಜಿಲ್ಲಾ ಉಸ್ತುವಾರಿ ಸಚಿವರು ವಿವರಣೆ ಕೊಟ್ಟರು. ಅದೇ ಸಮಯದಲ್ಲಿ ಶಿಗ್ಗಾಂವಿ, ಸಂಡೂರು, ಚನ್ನಪಟ್ಟಣಗಳಲ್ಲಿ ನವೆಂಬರ್ 13ರ ಉಪಚುನಾವಣೆಗೆ ಪ್ರಚಾರ ನಡೆದಿತ್ತು. ಆದ್ದರಿಂದ ವಿಜಯಪುರದ ಹೊಲಗಳ ಲೆಕ್ಕ ಇಡೀ ರಾಜ್ಯದ ಚುನಾವಣಾ ಭಾಷಣವಾಯಿತು.

ಇಲ್ಲಿ ಪತ್ರಕರ್ತ ಎಡವುವುದು ಸುಲಭವಾಗಿತ್ತು. ಏಕೆಂದರೆ ಸುಳ್ಳಿನ ಜತೆಗೆ ನಿಜವೂ ಬೆರೆತಿತ್ತು. ಇಡೀ ಊರೇ ಹೋಯಿತು ಎಂಬುದು ದಾಖಲೆಯ ಮುಂದೆ ನಿಲ್ಲಲಿಲ್ಲ. ಆದರೆ ಜಿಲ್ಲೆಯ ಕೆಲವು ರೈತರಿಗೆ ನೋಟಿಸ್ ಬಂದದ್ದು ನಿಜ, ಇಂಡಿ ತಾಲ್ಲೂಕಿನ ಕೆಲವು ಉತಾರಗಳಲ್ಲಿ (ಪಹಣಿಗಳಲ್ಲಿ) ವಕ್ಫ್ ಹೆಸರು ಸೇರಿದ್ದೂ ನಿಜ. ನೋಟಿಸ್‌ಗಳನ್ನು ಹಿಂಪಡೆಯಲು ಸರ್ಕಾರವೇ ಆದೇಶಿಸಬೇಕಾಯಿತು. ಹಾಗಾಗಿ ‘ಎಲ್ಲ ಹೋಯಿತು’ ಎಂದ ನಾಯಕರನ್ನು ಪ್ರಶ್ನಿಸಿದಷ್ಟೇ ಗಟ್ಟಿಯಾಗಿ ‘ಏನೂ ಆಗಿಯೇ ಇಲ್ಲ’ ಎಂದವರನ್ನೂ ಪ್ರಶ್ನಿಸಬೇಕಿತ್ತು. ಒಂದು ಪಕ್ಷದ ಮಾತನ್ನು ಮಾತ್ರ ಸುಳ್ಳು ಎಂದು ಬರೆದು, ಇನ್ನೊಂದು ಪಕ್ಷದ ಅರ್ಧಸತ್ಯವನ್ನು ಬಿಟ್ಟ ಪತ್ರಿಕೆಯನ್ನು ಓದುಗರು ಮುಂದಿನ ಸಲ ನಂಬುವುದಿಲ್ಲ.

ಹುಡುಕುವ ಬಗೆ ಏನೂ ಗುಟ್ಟಿನದಲ್ಲ. ಮೂರು ಕಾಗದಗಳನ್ನು ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಇಟ್ಟುಕೊಳ್ಳಬೇಕು: ರೈತನಿಗೆ ಬಂದ ನೋಟಿಸ್, ಆ ಸರ್ವೆ ನಂಬರಿನ ಇಂದಿನ ಉತಾರ ಮತ್ತು ನೋಟಿಸ್‌ನಲ್ಲಿ ಉಲ್ಲೇಖಿಸಿದ ಗೆಜೆಟ್. ಉತಾರದ 11ನೇ ಕಲಂ ಅನ್ನು ಬೆರಳಿಟ್ಟು ಓದಬೇಕು, ಏಕೆಂದರೆ ಋಣ ಮತ್ತು ಇತರ ಹಕ್ಕುಗಳು ನಮೂದಾಗುವುದು ಅಲ್ಲಿಯೇ. ನೋಟಿಸ್‌ನಲ್ಲಿರುವ ಸರ್ವೆ ನಂಬರಿಗೂ ಗೆಜೆಟ್‌ನಲ್ಲಿರುವ ನಂಬರಿಗೂ ಹೋಲಿಕೆ ಇದೆಯೇ, ಊರಿನ ಹೆಸರು ಅದೇ ಇದೆಯೇ, ನೋಟಿಸ್‌ಗೆ ಸಹಿ ಹಾಕಿದವರು ತಹಶೀಲ್ದಾರರೋ ಬೇರೆಯವರೋ ಎಂದು ನೋಡಬೇಕು. ಬಳಿಕ ಆ ರೈತನ ಮನೆಗೆ ಹೋಗಿ ಕೇಳಬೇಕು. ಬೆಂಗಳೂರಿನ ಸತ್ಯಶೋಧನಾ ತಂಡಕ್ಕೆ ವಿಡಿಯೊ ಹಳೆಯದೋ ಹೊಸದೋ ಎಂದು ಪತ್ತೆ ಹಚ್ಚಲು ಬರುತ್ತದೆ, ಆದರೆ ಹೊನವಾಡದ ಹೊಲದ ಬದುವಿನ ಮೇಲೆ ನಿಲ್ಲಲು ಬರುವುದು ವಿಜಯಪುರದ ವರದಿಗಾರನಿಗೆ ಮಾತ್ರ.

ಪ್ರಶ್ನೆ: ನಮ್ಮ ಭಾಗದಲ್ಲಿ ಒಬ್ಬರೇ ನಾಯಕರು ಮರಾಠಿಯಲ್ಲಿ ಒಂದು, ಕನ್ನಡದಲ್ಲಿ ಇನ್ನೊಂದು ಹೇಳುತ್ತಾರೆ. ಎರಡು ಭಾಷೆಯ ಪತ್ರಿಕೆಗಳೂ ತಮಗೆ ಕೇಳಿಸಿದ್ದನ್ನಷ್ಟೇ ಬರೆಯುತ್ತವೆ.
– ನಿವೃತ್ತ ಶಿಕ್ಷಕರು, ಖಾನಾಪುರ

ಉತ್ತರ: ಬೆಳಗಾವಿ ಜಿಲ್ಲೆಯ ಪತ್ರಿಕೋದ್ಯಮದ ದೊಡ್ಡ ಲೋಪವನ್ನು ನೀವು ಸರಿಯಾಗಿ ಗುರುತಿಸಿದ್ದೀರಿ. ಕನ್ನಡ ಪತ್ರಿಕೆಯ ವರದಿಗಾರ ಮರಾಠಿ ಸಭೆಗೆ ಹೋಗುವುದು ಕಡಿಮೆ, ಮರಾಠಿ ಪತ್ರಿಕೆಯವರು ಕನ್ನಡ ಸಭೆಗೆ ಬರುವುದೂ ಕಡಿಮೆ. ಆ ಸಂದಿಯಲ್ಲಿ ಎರಡು ನಾಲಿಗೆಯ ಮಾತು ಆರಾಮವಾಗಿ ಉಳಿದುಕೊಳ್ಳುತ್ತದೆ.

ಮಹದಾಯಿ ನದಿಯ ನೀರಿನ ವಿಷಯದಲ್ಲಿ ಇದು ಹೆಚ್ಚು. ನ್ಯಾಯಮಂಡಳಿ 2018ರ ಆಗಸ್ಟ್ 14ರಂದು ಕರ್ನಾಟಕಕ್ಕೆ ಹಂಚಿದ್ದು ಒಟ್ಟು 13.42 ಟಿಎಂಸಿ ಅಡಿ. ಅದರಲ್ಲಿ 8.02 ಟಿಎಂಸಿ ಅಡಿ ಜಲವಿದ್ಯುತ್ತಿಗೆ. ಮಲಪ್ರಭೆಗೆ ತಿರುಗಿಸಲು ಸಿಕ್ಕಿದ್ದು ಕಳಸಾ ಹಳ್ಳದಿಂದ 1.72, ಬಂಡೂರಿ ಹಳ್ಳದಿಂದ 2.18, ಒಟ್ಟು 3.90 ಟಿಎಂಸಿ ಅಡಿ. ವೇದಿಕೆಯ ಮೇಲೆ 13.42 ಎಂಬ ದೊಡ್ಡ ಅಂಕಿಯನ್ನು ಕುಡಿಯುವ ನೀರಿನ ಲೆಕ್ಕದಂತೆ ಹೇಳಿದರೆ ಅಂಕಿ ಸರಿಯೇ ಇರುತ್ತದೆ, ಅರ್ಥ ಮಾತ್ರ ಸುಳ್ಳಾಗುತ್ತದೆ. ಕಾಡು ಉಳಿಯಬೇಕೆಂಬ ಕಣಕುಂಬಿಯ ಜನರ ಮುಂದೆ ಒಂದು ಮಾತು, ನೀರು ಬೇಕೆಂಬ ಸವದತ್ತಿಯ ರೈತರ ಮುಂದೆ ಇನ್ನೊಂದು ಮಾತು ಆಡಿದ ಅಭ್ಯರ್ಥಿಯ ಎರಡೂ ಧ್ವನಿಮುದ್ರಣಗಳನ್ನು ಒಂದೇ ದಿನ ಒಂದೇ ಪುಟದಲ್ಲಿ ಅಕ್ಷರಕ್ಕೆ ಅಕ್ಷರ ಇಳಿಸಿದರೆ ಬೇರೆ ಟೀಕೆ ಬೇಕಾಗುವುದಿಲ್ಲ. ಪೈಪೋಟಿ ಬದಿಗಿಟ್ಟು ಚುನಾವಣೆಯ ಆ ಕೆಲವು ವಾರವಾದರೂ ಎರಡು ಭಾಷೆಯ ವರದಿಗಾರರು ಧ್ವನಿಮುದ್ರಣಗಳನ್ನು ಹಂಚಿಕೊಳ್ಳಬೇಕು ಎಂಬುದು ನನ್ನ ಬಹುದಿನದ ಆಸೆ.

ಪ್ರಶ್ನೆ: ಮತದಾನದ ಹಿಂದಿನ ರಾತ್ರಿ ಬಾಗಿಲ ಸಂದಿಯಲ್ಲಿ ಕರಪತ್ರ ತೂರಿಸಿ ಹೋಗುತ್ತಾರೆ. ಯಾರು ಹಾಕಿದರೆಂದು ಹೇಗೆ ಹಿಡಿಯುವುದು?
– ಮುದ್ರಣಾಲಯದ ನೌಕರರು, ಮುಧೋಳ

ಉತ್ತರ: ನಿಮ್ಮ ಕಸುಬಿನವರಿಗೆ ಇದು ಚೆನ್ನಾಗಿ ಗೊತ್ತಿರಬೇಕು. ಜನತಾ ಪ್ರಾತಿನಿಧ್ಯ ಕಾಯ್ದೆ, 1951ರ 127ಎ ಕಲಂ ಪ್ರಕಾರ ಚುನಾವಣೆಯ ಕರಪತ್ರದ ಮೇಲೆ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು. ಅಚ್ಚು ಹಾಕಿಸುವವರಿಂದ ಘೋಷಣಾ ಪತ್ರ ಪಡೆದು, ಅಚ್ಚಾದ ಪ್ರತಿಯೊಂದಿಗೆ ಅದನ್ನು ಜಿಲ್ಲಾಧಿಕಾರಿಗೆ ಕಳುಹಿಸಬೇಕು. ಉಲ್ಲಂಘಿಸಿದರೆ ಆರು ತಿಂಗಳವರೆಗೆ ಜೈಲು ಅಥವಾ 2,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಹೆಸರಿಲ್ಲದ ಕರಪತ್ರ ಸಿಕ್ಕಾಗ ಅದರಲ್ಲಿನ ಆರೋಪವನ್ನು ಮತ್ತೆ ಅಚ್ಚು ಹಾಕದೆ, ಹೆಸರಿಲ್ಲದ ಕರಪತ್ರ ಹಂಚಲಾಗಿದೆ ಎಂಬುದನ್ನಷ್ಟೇ ಸುದ್ದಿ ಮಾಡಬೇಕು. ಇಲ್ಲದಿದ್ದರೆ ಐನೂರು ಮನೆಗೆ ಹೋದ ಸುಳ್ಳನ್ನು ನಾವೇ ಐವತ್ತು ಸಾವಿರ ಮನೆಗೆ ಮುಟ್ಟಿಸಿದಂತಾಗುತ್ತದೆ.

ಪ್ರಶ್ನೆ: ಸುಳ್ಳು ಹೇಳಿದ ರಾಜಕಾರಣಿಗೆ ಕೊನೆಗೆ ಶಿಕ್ಷೆ ಆಗುತ್ತದೆಯೇ? ಆಗದಿದ್ದರೆ ಪತ್ರಿಕೆ ಬರೆದು ಏನು ಪ್ರಯೋಜನ?
– ಗೃಹಿಣಿ, ಟಿಳಕವಾಡಿ, ಬೆಳಗಾವಿ

ಉತ್ತರ: ಕಾನೂನಿನ ಕೈ ಇಲ್ಲಿ ಅಷ್ಟೇನೂ ಉದ್ದವಿಲ್ಲ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಎದುರಾಳಿಯ ವೈಯಕ್ತಿಕ ಚಾರಿತ್ರ್ಯದ ಬಗ್ಗೆ ಸುಳ್ಳೆಂದು ಗೊತ್ತಿದ್ದೂ ಹೇಳಿಕೆ ಪ್ರಕಟಿಸುವುದು ಜನತಾ ಪ್ರಾತಿನಿಧ್ಯ ಕಾಯ್ದೆಯ 123(4)ರಡಿ ಭ್ರಷ್ಟ ಆಚರಣೆ. ಅದು ಸಾಬೀತಾದರೆ ಆಯ್ಕೆಯೇ ರದ್ದಾಗಬಹುದು. ಆದರೆ ಫಲಿತಾಂಶ ಪ್ರಕಟವಾದ 45 ದಿನಗಳೊಳಗೆ ಹೈಕೋರ್ಟಿನಲ್ಲಿ ಚುನಾವಣಾ ತಕರಾರು ಅರ್ಜಿ ಹಾಕಬೇಕು. ಭಾರತೀಯ ನ್ಯಾಯ ಸಂಹಿತೆಯ 175ನೇ ಕಲಂ ಕೂಡ ಅಭ್ಯರ್ಥಿಯ ನಡತೆಯ ಬಗೆಗಿನ ಸುಳ್ಳು ಹೇಳಿಕೆಗೆ ಸಂಬಂಧಿಸಿದ್ದು, ಅದರಲ್ಲಿ ಇರುವುದು ದಂಡ ಮಾತ್ರ. ಅಣೆಕಟ್ಟು, ದರ, ಅನುದಾನಗಳ ಬಗ್ಗೆ ಹೇಳುವ ಸುಳ್ಳು ಈ ಎರಡರಲ್ಲಿ ಯಾವುದಕ್ಕೂ ಸಿಕ್ಕುವುದಿಲ್ಲ. ಆ ಸುಳ್ಳಿಗೆ ಲೆಕ್ಕ ಕೇಳಬೇಕಾದವರು ಮತದಾರರೇ, ಮತದಾರರ ಕೈಗೆ ದಾಖಲೆ ಕೊಡಬೇಕಾದವರು ನಾವು.

ಹೀಗೆ ಕೊಡುವ ದಾಖಲೆ ಮತದಾನದ ದಿನಕ್ಕೆ ಮುಗಿಯಬಾರದು. 2024ರ ಮೇ 7ರಂದು ಬೆಳಗಾವಿ, ಚಿಕ್ಕೋಡಿ, ಬಾಗಲಕೋಟೆ, ವಿಜಯಪುರ ಕ್ಷೇತ್ರಗಳಲ್ಲಿ ಮತದಾನವಾಯಿತು. ಆ ಪ್ರಚಾರದಲ್ಲಿ ಆಡಿದ ಮಾತುಗಳ ಪಟ್ಟಿಯನ್ನು ಪ್ರತಿ ವರ್ಷ ಅದೇ ದಿನ ಮತ್ತೆ ತೆರೆದು, ಗೆದ್ದವರ ಮನೆಗೆ ಹೋಗಿ ‘ಆ ದಿನ ಇಂಥ ಊರಿನಲ್ಲಿ ನೀವು ಹೀಗೆ ಹೇಳಿದ್ದಿರಿ, ಇದರ ದಾಖಲೆ ಕೊಡಿ’ ಎಂದು ಕೇಳುವ ಪತ್ರಿಕೆಗೆ ರಾಜಕಾರಣಿ ಹೆದರುತ್ತಾನೆ. ಉತ್ತರ ಕೊಟ್ಟರೆ ಉತ್ತರವನ್ನು ಪೂರ್ತಿ ಪ್ರಕಟಿಸಬೇಕು. ಕೊಡದಿದ್ದರೆ, ಎಷ್ಟು ಸಲ, ಯಾವ ದಿನ ಕೇಳಿದೆವು ಎಂಬುದನ್ನು ಪ್ರಕಟಿಸಬೇಕು. ಕಚೇರಿಗಳು ಮಾಹಿತಿ ಕೊಡಲು ಸತಾಯಿಸಿದರೆ ಮಾಹಿತಿ ಹಕ್ಕು ಅರ್ಜಿಗೆ 30 ದಿನಗಳ ಗಡುವು ಇದೆ. ಪ್ರಚಾರದ ಬಿಸಿಯಲ್ಲಿ 30 ದಿನ ಬಹಳ ದೀರ್ಘ, ಐದು ವರ್ಷದ ಅವಧಿಯಲ್ಲಿ ಅದು ಏನೂ ಅಲ್ಲ.

ಪ್ರಶ್ನೆ: ನಾನು ಬಿಡಿ ಸುದ್ದಿಗಾರ. ಸುದ್ದಿ ಕಳುಹಿಸುವವನೂ ನಾನೇ, ಜಾಹೀರಾತು ತರಬೇಕಾದವನೂ ನಾನೇ. ಬೆಳಿಗ್ಗೆ ಯಾರ ಮನೆಗೆ ಜಾಹೀರಾತಿಗೆ ಹೋಗುತ್ತೇನೋ ಸಂಜೆ ಅವರ ಮಾತನ್ನು ಸುಳ್ಳೆಂದು ಬರೆಯುವುದು ಹೇಗೆ? ಮಾನನಷ್ಟದ ಹೆದರಿಕೆ ಬೇರೆ.
– ಅಥಣಿ ತಾಲ್ಲೂಕು

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಈ ಹೊರೆಯನ್ನು ನಿಮ್ಮ ಹೆಗಲ ಮೇಲೆ ಹಾಕಿದವರು ಸಂಸ್ಥೆಯವರು, ಆದ್ದರಿಂದ ಮೊದಲ ಹೊಣೆಯೂ ಅವರದೇ. ಚುನಾವಣೆಯ ಸಮಯದಲ್ಲಾದರೂ ಜಾಹೀರಾತು ತರುವವರನ್ನೂ ಸುದ್ದಿ ಬರೆಯುವವರನ್ನೂ ಬೇರೆ ಮಾಡದ ಪತ್ರಿಕೆ, ರಾಜಕಾರಣಿಯ ಸುಳ್ಳನ್ನು ಹಿಡಿಯುತ್ತೇನೆ ಎಂದು ಹೇಳಿಕೊಳ್ಳಬಾರದು. ಹಣ ಪಡೆದು ಬರೆದದ್ದನ್ನು ಸುದ್ದಿಯ ವೇಷದಲ್ಲಿ ಕೊಡುವ ‘ಕಾಸಿಗಾಗಿ ಸುದ್ದಿ’ಯನ್ನು ಗುರುತಿಸಲು ಪ್ರತಿ ಜಿಲ್ಲೆಯಲ್ಲಿ ಮಾಧ್ಯಮ ಪ್ರಮಾಣೀಕರಣ ಮತ್ತು ಕಣ್ಗಾವಲು ಸಮಿತಿ ಇರುತ್ತದೆ, ಹಾಗೆಂದು ದೃಢಪಟ್ಟರೆ ಅದರ ಖರ್ಚು ಅಭ್ಯರ್ಥಿಯ ಲೆಕ್ಕಕ್ಕೆ ಸೇರುತ್ತದೆ. ಜಾಹೀರಾತಿನಲ್ಲಿರುವ ಆರೋಪಕ್ಕೂ ಪುರಾವೆ ಕೇಳಬೇಕು. 2023ರ ವಿಧಾನಸಭಾ ಚುನಾವಣೆಗೆ ಕೆಲವೇ ದಿನ ಮುನ್ನ ಕಾಂಗ್ರೆಸ್ ಪಕ್ಷ ಪ್ರಕಟಿಸಿದ ‘ಭ್ರಷ್ಟಾಚಾರದ ದರಪಟ್ಟಿ’ಗೆ ಸಾಕ್ಷ್ಯ ಕೊಡುವಂತೆ ಚುನಾವಣಾ ಆಯೋಗ ನೋಟಿಸ್ ನೀಡಿತ್ತು. ಆಯೋಗ ಕೇಳಿದ ಪ್ರಶ್ನೆಯನ್ನು ಅದಕ್ಕೂ ಮುನ್ನ ಸುದ್ದಿಮನೆಗಳೇ ಕೇಳಬಹುದಿತ್ತು.

ಮಾನನಷ್ಟದ ಹೆದರಿಕೆ ಹುಸಿಯಲ್ಲ. ಕ್ರಿಮಿನಲ್ ಮಾನನಷ್ಟವನ್ನು ಸುಪ್ರೀಂ ಕೋರ್ಟ್ 2016ರಲ್ಲಿ ಎತ್ತಿಹಿಡಿದಿದೆ, ಈಗ ಅದು ನ್ಯಾಯ ಸಂಹಿತೆಯ 356ನೇ ಕಲಂನಲ್ಲಿದೆ. ಸಾರ್ವಜನಿಕ ಹಿತಕ್ಕಾಗಿ ಹೇಳಿದ ಸತ್ಯಕ್ಕೆ ಅದೇ ಕಲಂನಲ್ಲಿ ವಿನಾಯಿತಿಯೂ ಇದೆ. ಆದ್ದರಿಂದ ‘ಸುಳ್ಳುಗಾರ’ ಎಂದು ವ್ಯಕ್ತಿಯನ್ನು ಬಯ್ಯಬೇಡಿ. ‘ಈ ಹೇಳಿಕೆ ಈ ದಾಖಲೆಗೆ ಹೊಂದುವುದಿಲ್ಲ’ ಎಂದು ಬರೆಯಿರಿ, ಬರೆಯುವ ಮುನ್ನ ಅವರಿಗೆ ಕರೆ ಮಾಡಿದ ಸಮಯವನ್ನು ಟಿಪ್ಪಣಿ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಿ. ಧ್ವನಿಮುದ್ರಣವನ್ನು ಮೂಲ ಫೋನಿನಿಂದ ಅಳಿಸಬೇಡಿ, ಏಕೆಂದರೆ ವಿದ್ಯುನ್ಮಾನ ಸಾಕ್ಷ್ಯಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಬೇಕಾಗುತ್ತದೆ.

ನಾಯಕರು ಹೇಳಿದ್ದನ್ನು ನಾನು ಬರೆದೆನಷ್ಟೇ ಎಂಬ ಸಮಾಧಾನವೂ ಬೇಡ. 2024ರ ನವೆಂಬರ್‌ನಲ್ಲಿ ಹಾವೇರಿ ಜಿಲ್ಲೆಯ ರೈತನೊಬ್ಬನ ಆತ್ಮಹತ್ಯೆಗೆ ವಕ್ಫ್ ವಿವಾದ ಕಾರಣ ಎಂಬ ಸುದ್ದಿಯನ್ನು ಬಿಜೆಪಿ ಸಂಸದರೊಬ್ಬರು ಹಂಚಿಕೊಂಡರು. ಆ ಸಾವು 2022ರಲ್ಲಿ ಸಂಭವಿಸಿದ್ದು, ಕಾರಣ ಸಾಲ ಮತ್ತು ಬೆಳೆಹಾನಿ ಎಂದು ಪೊಲೀಸರು ಸ್ಪಷ್ಟಪಡಿಸಿದ ಮೇಲೆ ಸಂಸದರು ಅದನ್ನು ತೆಗೆದುಹಾಕಿದರು. ಸಂಸದರ ಜತೆಗೆ ಸುದ್ದಿ ಪ್ರಕಟಿಸಿದ ಜಾಲತಾಣಗಳ ಸಂಪಾದಕರ ಮೇಲೂ ಪ್ರಕರಣ ದಾಖಲಾಯಿತು. ಸಂಸದರ ಮೇಲಿನ ಪ್ರಕರಣವನ್ನು ಹೈಕೋರ್ಟ್ ಡಿಸೆಂಬರ್‌ನಲ್ಲಿ ರದ್ದುಪಡಿಸಿತು. ಪತ್ರಕರ್ತರ ಮೇಲೆ ಪೊಲೀಸ್ ಪ್ರಕರಣ ಹಾಕುವುದನ್ನು ನಾನು ಒಪ್ಪುವುದಿಲ್ಲ. ಆದರೆ ಸ್ಥಳೀಯ ಠಾಣೆಗೆ ಒಂದು ಕರೆ ಮಾಡಿದ್ದರೆ ಆ ಸುದ್ದಿ ಆ ರೂಪದಲ್ಲಿ ಹೊರಗೆ ಹೋಗುತ್ತಿರಲಿಲ್ಲ ಎಂಬ ಸಂಕಟ ನನಗಿದೆ.

ಪ್ರಶ್ನೆ: ಪತ್ರಿಕೆಯೇ ತಪ್ಪು ಮಾಡಿದರೆ? ಓದುಗರಾದ ನಾವು ಏನು ಮಾಡಬಹುದು?
– ಸೀರೆ ನೇಕಾರರು, ಇಳಕಲ್

ಉತ್ತರ: ನನ್ನ ಕೈಯಿಂದಲೇ ಆದ ತಪ್ಪೊಂದನ್ನು ಹೇಳುತ್ತೇನೆ. ಹಲವು ವರ್ಷಗಳ ಹಿಂದೆ, ಮತದಾನಕ್ಕೆ ಎರಡು ದಿನ ಇರುವಾಗ, ಪಕ್ಷೇತರ ಅಭ್ಯರ್ಥಿಯೊಬ್ಬರು ಮತ್ತೊಬ್ಬರಿಗೆ ಬೆಂಬಲ ಕೊಟ್ಟು ಕಣದಿಂದ ನಿವೃತ್ತರಾದರು ಎಂಬ ಪತ್ರ ತಡರಾತ್ರಿ ನಮಗೆ ಬಂತು. ಅವರದೇ ಲೆಟರ್‌ಹೆಡ್, ಕೆಳಗೆ ಸಹಿ. ನಾನು ಮೂರು ಕಾಲಂ ಸುದ್ದಿ ಮಾಡಿದೆ. ಬೆಳಿಗ್ಗೆ ಆ ಅಭ್ಯರ್ಥಿ ಕಚೇರಿಯ ಮೆಟ್ಟಿಲ ಮೇಲೆ ಪತ್ರಿಕೆ ಹಿಡಿದು ಕುಳಿತಿದ್ದರು. ಪತ್ರವನ್ನು ಮತ್ತೆ ನೋಡಿದಾಗ ವಿಳಾಸದಲ್ಲಿ ಅವರ ಸ್ವಂತ ಊರಿನ ಹೆಸರೇ ತಪ್ಪಾಗಿತ್ತು. ನಾಮಪತ್ರ ಹಿಂಪಡೆಯುವ ಗಡುವು ಮುಗಿದ ಮೇಲೆ ಯಾರೂ ಕಾನೂನುಬದ್ಧವಾಗಿ ಹಿಂದೆ ಸರಿಯಲು ಬರುವುದಿಲ್ಲ, ಹೆಸರು ಮತಯಂತ್ರದಲ್ಲಿ ಇದ್ದೇ ಇರುತ್ತದೆ ಎಂಬುದನ್ನಾದರೂ ನಾನು ಬರೆಯಬೇಕಿತ್ತು. ಅದನ್ನೂ ಬರೆದಿರಲಿಲ್ಲ. ಮರುದಿನ ನಾವು ಹಾಕಿದ ಸ್ಪಷ್ಟೀಕರಣ ಒಳಪುಟದಲ್ಲಿ ನಾಲ್ಕೇ ಸಾಲು. ಅವರ ಊರಿನ ಚಹಾದಂಗಡಿಯ ಗೋಡೆಗೆ ಮಾತ್ರ ಮೂರು ಕಾಲಂನ ಆ ಸುದ್ದಿಯ ತುಣುಕು ಮತದಾನ ಮುಗಿಯುವವರೆಗೂ ಅಂಟಿಕೊಂಡೇ ಇತ್ತು. ತಪ್ಪು ಬಂದ ಜಾಗದಲ್ಲಿಯೇ, ತಪ್ಪು ಬಂದಷ್ಟೇ ದೊಡ್ಡ ಅಕ್ಷರದಲ್ಲಿ ತಿದ್ದುಪಡಿ ಬರಬೇಕೆಂದು ನಾನು ಅಂದಿನಿಂದ ವಾದಿಸುತ್ತ ಬಂದಿದ್ದೇನೆ. ಪತ್ರಿಕೆ ತಿದ್ದಿಕೊಳ್ಳದಿದ್ದರೆ ಸಂಪಾದಕರಿಗೆ ಬರೆದು, ಆಗಲೂ ಸ್ಪಂದಿಸದಿದ್ದರೆ ಭಾರತೀಯ ಪತ್ರಿಕಾ ಮಂಡಳಿಗೆ ದೂರು ಕೊಡಬಹುದು. ಮಂಡಳಿ ದಂಡ ಹಾಕುವುದಿಲ್ಲ, ಆದರೆ ಛೀಮಾರಿ ಹಾಕಬಲ್ಲದು.

ನೀವು ಮಾಡಬಹುದಾದದ್ದು ಬಹಳವಿದೆ. ಸಭೆಯಲ್ಲಿ ನೀವೇ ಇದ್ದರೆ, ನೀತಿಸಂಹಿತೆಯ ಉಲ್ಲಂಘನೆ ಕಂಡ ಸ್ಥಳದಲ್ಲಿಯೇ ಚುನಾವಣಾ ಆಯೋಗದ ಸಿ–ವಿಜಿಲ್ ಆ್ಯಪ್‌ನಲ್ಲಿ ಚಿತ್ರ ಅಥವಾ ವಿಡಿಯೊ ತೆಗೆದು ಕಳುಹಿಸಿ, 100 ನಿಮಿಷಗಳೊಳಗೆ ಕ್ರಮ ಕೈಗೊಳ್ಳುವ ವ್ಯವಸ್ಥೆ ಅದು. ಬೇರೆಯವರು ಕಳುಹಿಸಿದ ವಿಡಿಯೊವನ್ನು ಅದಕ್ಕೆ ಸೇರಿಸಲು ಬರುವುದಿಲ್ಲ. ಅಂಥವನ್ನು ಪತ್ರಿಕೆಗೆ ಕಳುಹಿಸುವಾಗ ನಿಮಗೆ ಯಾವ ಗುಂಪಿನಿಂದ, ಯಾವ ದಿನ, ಎಷ್ಟು ಗಂಟೆಗೆ ಬಂತು ಎಂಬುದನ್ನು ಜತೆಗೆ ಬರೆಯಿರಿ. ಭಾಷಣವನ್ನು ನೀವೇ ಧ್ವನಿಮುದ್ರಿಸಿಕೊಂಡಿದ್ದರೆ ಕತ್ತರಿಸದೆ ಮೊದಲಿನಿಂದ ಕೊನೆಯವರೆಗೆ ಇಟ್ಟುಕೊಳ್ಳಿ, ವರದಿಗಾರ ಕೇಳಿದಾಗ ಅದೇ ಫೋನನ್ನು ತೋರಿಸಿ.